ಎ36 ಕೊಳ್ಳಬೇಕೋ, ಎ56 ಕೊಳ್ಳಬೇಕೋ? ಅವಳಿಗಳಂತಿರುವ ಎರಡು ಫೋನ್‌ಗಳಲ್ಲಿ ಒಂದನ್ನು ಆರಿಸುವ ಸಮಗ್ರ ಮಾರ್ಗದರ್ಶಿ

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ36 ಮತ್ತು ಎ56 ಫೋನ್‌ಗಳನ್ನು ಅಂಗಡಿಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಥಟ್ಟನೆ ಹೇಳುವುದು ಕಷ್ಟ. ಎರಡಕ್ಕೂ 6.7 ಇಂಚಿನ ಅಮೊಲೆಡ್ ಪರದೆ, 120 ಹರ್ಟ್ಸ್, 5000 ಎಂಎಎಚ್ ಬ್ಯಾಟರಿ, 45 ವ್ಯಾಟ್ ಚಾರ್ಜಿಂಗ್, ನೀರು, ಧೂಳಿನಿಂದ ರಕ್ಷಣೆಯ ಐಪಿ67 ದರ್ಜೆ, 7.4 ಮಿಲಿಮೀಟರ್ ದಪ್ಪ. ತೂಕದಲ್ಲಿ ಮೂರೇ ಗ್ರಾಂ ವ್ಯತ್ಯಾಸ. ಆದರೆ 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜಿನ ಎ36ಕ್ಕೆ 32,999 ರೂಪಾಯಿ, ಅಷ್ಟೇ ಸ್ಟೋರೇಜಿನ ಎ56ಕ್ಕೆ 41,999 ರೂಪಾಯಿ. ಆ 9,000 ರೂಪಾಯಿ ಯಾವುದಕ್ಕೆ ಎಂಬುದು ಪೆಟ್ಟಿಗೆಯ ಮೇಲಿನ ಅಕ್ಷರಗಳಿಂದ ತಿಳಿಯುವುದಿಲ್ಲ.

ಈ ಜೋಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ನಿಮ್ಮ ಮನಸ್ಸಿನಲ್ಲಿರುವ ಜೋಡಿ ಬೇರೆಯಾದರೂ ಲೆಕ್ಕ ಹಾಕುವ ಕ್ರಮ ಇದೇ.

ಮೊದಲು ಹಳೆಯ ಫೋನನ್ನು ವಿಚಾರಿಸಿಕೊಳ್ಳಿ

ಈಗಿನ ಫೋನಿನಲ್ಲಿ ನಿಮಗೆ ಕಷ್ಟ ಕೊಡುತ್ತಿರುವುದು ಏನು? ಒಂದು ಕಾಗದದಲ್ಲಿ ಬರೆದುಕೊಳ್ಳಿ, ಮೂರು ಸಾಲಿಗಿಂತ ಹೆಚ್ಚು ಬೇಡ. ‘ಸ್ಲೋ ಆಗಿದೆ’ ಎಂದು ಬರೆದು ಬಿಡಬೇಡಿ, ಯಾವಾಗ ಸ್ಲೋ ಎಂದು ಬರೆಯಿರಿ. ಕ್ಯಾಮೆರಾ ತೆರೆಯಲು ತಡವೋ, ಯುಪಿಐ ಆ್ಯಪ್‌ನಿಂದ ವಾಟ್ಸಾಪ್‌ಗೆ ಹೋಗಿ ಬಂದರೆ ಆ್ಯಪ್ ಮತ್ತೆ ಮೊದಲಿಂದ ಶುರುವಾಗುತ್ತದೋ, ಸಂಜೆ ನಾಲ್ಕಕ್ಕೇ ಚಾರ್ಜ್ ಮುಗಿಯುತ್ತದೋ?

ಆ್ಯಪ್ ಮತ್ತೆ ಮೊದಲಿಂದ ಶುರುವಾದರೆ ರ‍್ಯಾಮ್ ಸಾಲದು. ಎಲ್ಲವೂ ಒಟ್ಟಾರೆ ಎಳೆದಾಡುತ್ತಿದ್ದರೆ ಸ್ಟೋರೇಜ್ ತುಂಬಿದೆಯೇ ನೋಡಿ. ಶೇ. 90ಕ್ಕಿಂತ ಹೆಚ್ಚು ತುಂಬಿದ ಫೋನ್ ಎಂಥದ್ದಾದರೂ ತೆವಳುತ್ತದೆ, ಹತ್ತಿಪ್ಪತ್ತು ಜಿಬಿ ಖಾಲಿ ಮಾಡಿ ಎರಡು ದಿನ ಬಳಸಿ ನೋಡಿ. ಚಾರ್ಜ್ ಮಾತ್ರ ನಿಲ್ಲುತ್ತಿಲ್ಲ, ಉಳಿದದ್ದೆಲ್ಲ ಸರಿ ಎಂದಾದರೆ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಬದಲಿಸುವ ಖರ್ಚು ಕೇಳಿ. ಹೊಸ ಫೋನಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುವ ಕೆಲಸಕ್ಕೆ ಪೂರ್ತಿ ಹಣ ಸುರಿಯುವುದು ಬೇಡ.

ಇವೆಲ್ಲ ಆದಮೇಲೂ ಬದಲಿಸಲೇಬೇಕೆಂದರೆ, ಎರಡು ಫೋನ್‌ಗಳಲ್ಲಿ ಆ ಮೂರು ಸಾಲುಗಳಿಗೆ ಉತ್ತರ ಕೊಡುವ ವ್ಯತ್ಯಾಸ ಯಾವುದು ಎಂದು ಮಾತ್ರ ನೋಡಿ.

ಒಂದೇ ಆಗಿರುವುದನ್ನು ಹೊಡೆದುಹಾಕಿ

ಎರಡೂ ಫೋನ್‌ಗಳ ವಿವರಗಳನ್ನು ಕಂಪನಿಯ ವೆಬ್‌ಸೈಟಿನಿಂದಲೇ ತೆಗೆದು ಎರಡು ಕಾಲಂ ಮಾಡಿ, ಸಮವಾದ ಸಾಲುಗಳ ಮೇಲೆ ಗೆರೆ ಎಳೆಯಿರಿ. ಎ36, ಎ56 ವಿಷಯದಲ್ಲಿ ಪರದೆ, ಬ್ಯಾಟರಿ, ಚಾರ್ಜಿಂಗ್, ನೀರಿನ ರಕ್ಷಣೆ, 12 ಮೆಗಾಪಿಕ್ಸೆಲ್‌ನ ಸೆಲ್ಫಿ ಕ್ಯಾಮೆರಾ, 5 ಮೆಗಾಪಿಕ್ಸೆಲ್‌ನ ಮ್ಯಾಕ್ರೋ, ಆರು ವರ್ಷಗಳ ಅಪ್‌ಡೇಟ್ ಇವೆಲ್ಲ ಹೊಡೆದುಹೋಗುತ್ತವೆ. ಎರಡರಲ್ಲೂ ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲ, ಹೆಡ್‌ಫೋನ್ ಜ್ಯಾಕ್ ಇಲ್ಲ, ಪೆಟ್ಟಿಗೆಯಲ್ಲಿ ಚಾರ್ಜರ್ ಇಲ್ಲ. ಮಾರುವವರು ಅರ್ಧ ಗಂಟೆ ಬಣ್ಣಿಸುವುದು ಹೆಚ್ಚಾಗಿ ಈ ಗೆರೆ ಎಳೆದ ಸಾಲುಗಳನ್ನೇ.

ಉಳಿಯುವುದು ನಾಲ್ಕು:

1. ಚಿಪ್, ಅಂದರೆ ಫೋನಿನ ಮಿದುಳು. ಎ36ದಲ್ಲಿ ಸ್ನ್ಯಾಪ್‌ಡ್ರ್ಯಾಗನ್ 6 ಜೆನ್ 3, ಎ56ದಲ್ಲಿ ಎಕ್ಸಿನೋಸ್ 1580.
2. ಮುಖ್ಯ ಕ್ಯಾಮೆರಾದ ಸೆನ್ಸರ್. ಎರಡೂ 50 ಮೆಗಾಪಿಕ್ಸೆಲ್ಲೇ, ಆದರೆ ಎ56ದ ಸೆನ್ಸರ್ ಗಾತ್ರದಲ್ಲಿ ದೊಡ್ಡದು.
3. ಅಲ್ಟ್ರಾವೈಡ್, ಅಂದರೆ ಹೆಚ್ಚು ಅಗಲದ ನೋಟ ಹಿಡಿಯುವ ಕ್ಯಾಮೆರಾ. ಎ36ದಲ್ಲಿ 8 ಮೆಗಾಪಿಕ್ಸೆಲ್, ಎ56ದಲ್ಲಿ 12.
4. ಚೌಕಟ್ಟು. ಎ36ದ್ದು ಪ್ಲಾಸ್ಟಿಕ್, ಎ56ದ್ದು ಅಲ್ಯೂಮಿನಿಯಂ.

ನಾಲ್ಕನೆಯದನ್ನು ಬೇಗ ಮುಗಿಸೋಣ. ಬೆರಳಿನಿಂದ ಅಂಚು ಮುಟ್ಟಿದರೆ ಲೋಹದ್ದು ತಣ್ಣಗಿರುತ್ತದೆ, ಪ್ಲಾಸ್ಟಿಕ್ ಹಾಗಿರುವುದಿಲ್ಲ. ಕವರ್ ಹಾಕಿದ ಮೇಲೆ ಆ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಇದಕ್ಕಾಗಿ ಹಣ ಕೊಡಬೇಡಿ.

ಚಿಪ್ ಎಂಬ ನಿಜವಾದ ವ್ಯತ್ಯಾಸ

ಅಂಗಡಿಯಲ್ಲಿ ಎರಡು ಫೋನ್‌ಗಳ ಪರದೆ ಸರಿಸಿ ನೋಡಿದರೆ ಎರಡೂ ಒಂದೇ ಥರ ಜಾರುತ್ತವೆ. ಹೊಸ ಫೋನ್, ಖಾಲಿ ಸ್ಟೋರೇಜ್, ನಾಲ್ಕೇ ಆ್ಯಪ್ ಇರುವಾಗ ಹಾಗಾಗುವುದು ಸಹಜ. ಚಿಪ್ಪಿನ ವ್ಯತ್ಯಾಸ ಕಾಣಿಸಿಕೊಳ್ಳುವುದು ಮೂರನೇ ವರ್ಷದಲ್ಲಿ.

ಸ್ನ್ಯಾಪ್‌ಡ್ರ್ಯಾಗನ್ 6 ಜೆನ್ 3ರ ವೇಗದ ಕೋರ್‌ಗಳು (ಚಿಪ್ಪಿನೊಳಗೆ ಕೆಲಸ ಮಾಡುವ ಘಟಕಗಳು) ಕಾರ್ಟೆಕ್ಸ್ ಎ78, 2.4 ಗಿಗಾಹರ್ಟ್ಸ್‌ನ ನಾಲ್ಕು. ಈ ಕೋರ್‌ನ ವಿನ್ಯಾಸ 2020ರದ್ದು. ಎಕ್ಸಿನೋಸ್ 1580ರಲ್ಲಿರುವುದು ಕಾರ್ಟೆಕ್ಸ್ ಎ720, ಅದು 2023ರ ವಿನ್ಯಾಸ. ಒಂದು ಕೋರ್ 2.9 ಗಿಗಾಹರ್ಟ್ಸ್‌ನಲ್ಲಿ, ಮೂರು ಕೋರ್‌ಗಳು 2.6ರಲ್ಲಿ ಓಡುತ್ತವೆ. ಅದರ ಗ್ರಾಫಿಕ್ಸ್ ಘಟಕವೂ ಬಲವಾದದ್ದು.

ಈಗ ಅಪ್‌ಡೇಟ್ ಲೆಕ್ಕ ಇದರ ಪಕ್ಕ ಇಡಿ. ಎರಡೂ ಫೋನ್ ಆಂಡ್ರಾಯ್ಡ್ 15ರೊಂದಿಗೆ ಬಂದವು, ಎರಡಕ್ಕೂ ಆರು ತಲೆಮಾರಿನ ಆಂಡ್ರಾಯ್ಡ್ ಸಿಗುತ್ತದೆಂಬ ಭರವಸೆ ಇದೆ. ಅಂದರೆ ಆಂಡ್ರಾಯ್ಡ್ 21ರವರೆಗೆ. 2020ರ ವಿನ್ಯಾಸದ ಕೋರ್ 2030ರ ಸುಮಾರಿನ ಸಾಫ್ಟ್‌ವೇರ್ ಹೊರಬೇಕು. ಅಪ್‌ಡೇಟ್ ಬರುತ್ತದೆ, ಸುಳ್ಳಲ್ಲ. ಆದರೆ ಬಂದ ಅಪ್‌ಡೇಟನ್ನು ಹೊರುವ ತ್ರಾಣ ಎರಡಕ್ಕೂ ಒಂದೇ ಅಲ್ಲ. ‘ಎರಡಕ್ಕೂ ಆರು ವರ್ಷ’ ಎಂಬ ಸಾಲಿನ ಮೇಲೆ ಗೆರೆ ಎಳೆಯುವಾಗ ಇದನ್ನು ಮರೆಯಬಾರದು.

ಹಾಗಾಗಿ ಮುಖ್ಯ ಪ್ರಶ್ನೆ ಇದು: ಈ ಫೋನನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ? ಆಸೆಯ ಮೇಲೆ ಉತ್ತರಿಸಬೇಡಿ. ಹಿಂದಿನ ಎರಡು ಫೋನ್‌ಗಳ ಬಿಲ್ ತೆಗೆದು ತಾರೀಖು ನೋಡಿ. ಎರಡೂವರೆ, ಮೂರು ವರ್ಷಕ್ಕೆ ಬದಲಿಸುವವರು ಎ36 ಕೊಂಡರೆ ಸಾಕು, ಮಾತು, ವಾಟ್ಸಾಪ್, ಯೂಟ್ಯೂಬ್, ಬ್ಯಾಂಕಿಂಗ್‌ಗೆ ಅಷ್ಟು ದಿನ ಅದು ಚೆನ್ನಾಗಿಯೇ ನಡೆಯುತ್ತದೆ. ಐದು ವರ್ಷ ಎಳೆಯುವವರಿಗೆ, ಆಟ ಆಡುವವರಿಗೆ, ಫೋನಿನಲ್ಲೇ ವಿಡಿಯೋ ಎಡಿಟ್ ಮಾಡುವವರಿಗೆ ಎ56.

ರೂಪಾಯಿಯಲ್ಲಿ ನೋಡಿ: ವ್ಯತ್ಯಾಸದ ಹಣವನ್ನು ನೀವು ಇಟ್ಟುಕೊಳ್ಳುವ ತಿಂಗಳುಗಳಿಂದ ಭಾಗಿಸಿ. 9,000 ರೂಪಾಯಿ 30 ತಿಂಗಳಿಗೆ ತಿಂಗಳಿಗೆ 300 ಆಗುತ್ತದೆ, 60 ತಿಂಗಳಿಗೆ 150. ಇಂದಿನ ಬೆಲೆ ಬಿಡುಗಡೆಯ ದಿನದ್ದಾಗಿರುವುದಿಲ್ಲ, ಹಬ್ಬದ ಮಾರಾಟದಲ್ಲಿ ಅಂತರ ಕಡಿಮೆಯಾಗುವುದೂ ಉಂಟು. ನೀವು ಕೊಳ್ಳುವ ದಿನದ ಅಂತರವನ್ನೇ ಹಾಕಿ.

ಅಪ್‌ಡೇಟ್ ವರ್ಷಗಳನ್ನು ಎಣಿಸುವಾಗ ಬಹಳ ಮಂದಿ ತಪ್ಪುತ್ತಾರೆ. ಎಣಿಕೆ ಶುರುವಾಗುವುದು ಫೋನ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಗೂಗಲ್ ಪಿಕ್ಸೆಲ್ 8 ಮತ್ತು 8ಎ ನೋಡಿ: ಎರಡಕ್ಕೂ ಒಂದೇ ಟೆನ್ಸರ್ ಜಿ3 ಚಿಪ್, ಎರಡಕ್ಕೂ ಏಳು ವರ್ಷಗಳ ಭರವಸೆ. ಪಿಕ್ಸೆಲ್ 8 ಬಂದದ್ದು 2023ರ ಅಕ್ಟೋಬರಿನಲ್ಲಿ, ಅದರ ಅವಧಿ 2030ರ ಅಕ್ಟೋಬರಿಗೆ ಮುಗಿಯುತ್ತದೆ. ಅಗ್ಗದ 8ಎ 2024ರ ಮೇನಲ್ಲಿ ಬಂದದ್ದರಿಂದ 2031ರ ಮೇವರೆಗೆ ನಡೆಯುತ್ತದೆ. ಕಡಿಮೆ ಬೆಲೆಯದ್ದಕ್ಕೇ ಏಳು ತಿಂಗಳು ಹೆಚ್ಚು ಆಯುಸ್ಸು.

ಸ್ಟೋರೇಜ್: ಆಮೇಲೆ ತಿದ್ದಲಾಗದ ತಪ್ಪು

ಕಾರ್ಡ್ ಹಾಕಲು ಜಾಗವಿಲ್ಲದ ಫೋನಿನಲ್ಲಿ ಕೊಂಡ ದಿನ ಎಷ್ಟು ಸ್ಟೋರೇಜ್ ಇತ್ತೋ ಕೊನೆಯವರೆಗೆ ಅಷ್ಟೇ. 128 ಜಿಬಿ ಎಂದರೆ ಸಾಫ್ಟ್‌ವೇರ್ ತನ್ನ ಪಾಲು ತೆಗೆದುಕೊಂಡ ಮೇಲೆ ನಿಮಗೆ ಸಿಗುವುದು ನೂರರ ಆಸುಪಾಸು. ಸೆಕೆಂಡಿಗೆ 48 ಮೆಗಾಬಿಟ್‌ನಲ್ಲಿ ದಾಖಲಾಗುವ 4ಕೆ ವಿಡಿಯೋ ನಿಮಿಷಕ್ಕೆ 360 ಎಂಬಿ ನುಂಗುತ್ತದೆ. ಅರ್ಧ ಗಂಟೆಯ ನಾಮಕರಣದ ವಿಡಿಯೋಗೆ ಹತ್ತು ಜಿಬಿಗೂ ಹೆಚ್ಚು.

ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಈಗ ಎಷ್ಟು ತುಂಬಿದೆ ನೋಡಿ, ಕಾರ್ಡಿನಲ್ಲಿರುವುದನ್ನೂ ಕೂಡಿಸಿ. ಒಟ್ಟು 70 ಜಿಬಿ ದಾಟಿದ್ದರೆ 128 ಜಿಬಿಯ ಫೋನ್ ಮುಟ್ಟಲೇಬೇಡಿ.

ಇಲ್ಲಿ ಒಂದು ಬಲೆ ಇದೆ. ಬಿಡುಗಡೆಯ ಬೆಲೆಗಳಲ್ಲಿ ಎ36ದ 8/256 (ಮೊದಲನೆಯದು ರ‍್ಯಾಮ್, ಎರಡನೆಯದು ಸ್ಟೋರೇಜ್) ಮಾದರಿ 35,999, 12/256 ಮಾದರಿ 38,999. ಎ56ದ 8/128 ಮಾದರಿ 41,999, 8/256 ಮಾದರಿ 44,999. ಕೆಳಗಿನ ಫೋನಿನ ದುಬಾರಿ ಮಾದರಿ ಮೇಲಿನ ಫೋನಿನ ಅಗ್ಗದ ಮಾದರಿಗೆ ಬಂದು ತಾಗುತ್ತದೆ. 12 ಜಿಬಿ ಎಂಬ ಸಂಖ್ಯೆ ನೋಡಿ ಎ36ದ ದುಬಾರಿ ಮಾದರಿ ಕೊಳ್ಳುವವರಿದ್ದಾರೆ. ಹೆಚ್ಚಿನ ರ‍್ಯಾಮ್ ಆ್ಯಪ್‌ಗಳನ್ನು ಹಿನ್ನೆಲೆಯಲ್ಲಿ ಜೀವಂತ ಇಡುತ್ತದೆಯೇ ಹೊರತು ಚಿಪ್ಪಿಗೆ ವೇಗ ತುಂಬುವುದಿಲ್ಲ. ನಮ್ಮ ತೀರ್ಮಾನ ಸ್ಪಷ್ಟ: ಎ36 ಕೊಳ್ಳುವುದಾದರೆ 8/256, ಅದಕ್ಕಿಂತ ಮೇಲೆ ಹಣ ಹಾಕುವ ಮನಸ್ಸಿದ್ದರೆ ಎ56ಕ್ಕೇ ಹೋಗಿ.

‘ರ‍್ಯಾಮ್ ಪ್ಲಸ್’ ಹೆಸರಿನ ಹೆಚ್ಚುವರಿ ರ‍್ಯಾಮ್ ಲೆಕ್ಕಕ್ಕೆ ಬೇಡ. ಅದು ಸ್ಟೋರೇಜಿನಿಂದಲೇ ಕಡ ತಂದದ್ದು, ನಿಜವಾದ ರ‍್ಯಾಮಿಗಿಂತ ಬಹಳ ನಿಧಾನ.

ಅಂಗಡಿಯಲ್ಲಿ ಕಾಲು ಗಂಟೆಯ ಪರೀಕ್ಷೆ

ಆನ್‌ಲೈನಿನಲ್ಲೇ ಕೊಳ್ಳುವುದಾದರೂ ಒಮ್ಮೆ ಎರಡನ್ನೂ ಕೈಯಲ್ಲಿ ಹಿಡಿಯಿರಿ. ಬೆಂಗಳೂರಿನವರಿಗೆ ಬ್ರಿಗೇಡ್ ರಸ್ತೆಯ ಒಪೆರಾ ಹೌಸ್ ಕಟ್ಟಡದ ಸ್ಯಾಮ್‌ಸಂಗ್ ಮಳಿಗೆ ಇದೆ, ಉಳಿದ ಊರುಗಳಲ್ಲಿ ಡೆಮೊ ಫೋನ್ ಇಡುವ ಯಾವುದಾದರೂ ದೊಡ್ಡ ಅಂಗಡಿ ಸಾಕು.

ಕ್ಯಾಮೆರಾದಿಂದ ಶುರುಮಾಡಿ. ಬೆಳಕಿರುವ ಕಡೆ ತೆಗೆದರೆ ಎರಡೂ ಚೆನ್ನಾಗಿಯೇ ಬರುತ್ತವೆ. ಅಂಗಡಿಯ ಮಬ್ಬು ಮೂಲೆಯತ್ತ ತಿರುಗಿ, ಅಲ್ಟ್ರಾವೈಡ್‌ಗೆ ಬದಲಿಸಿ, ಒಂದೇ ಜಾಗದಿಂದ ಎರಡರಲ್ಲೂ ಒಂದೊಂದು ಚಿತ್ರ ತೆಗೆಯಿರಿ. ಆಮೇಲೆ ಡೆಮೊ ಫೋನಿನ ಪರದೆಯಲ್ಲೇ ನೋಡಿ ತೀರ್ಮಾನಿಸಬೇಡಿ, ಕ್ವಿಕ್ ಶೇರ್‌ನಲ್ಲಿ ನಿಮ್ಮ ಫೋನಿಗೆ ಕಳಿಸಿಕೊಳ್ಳಿ. ಒಂದೇ ಪರದೆಯಲ್ಲಿ ನೋಡಿದರೇ ಹೋಲಿಕೆ ನ್ಯಾಯವಾಗುತ್ತದೆ. ಹಿಗ್ಗಿಸಿ ಚಿತ್ರದ ಅಂಚಿಗೆ ಹೋಗಿ. ಎ36ದ 8 ಮೆಗಾಪಿಕ್ಸೆಲ್ ಚಿತ್ರದಲ್ಲಿ ಮೂಲೆಯಲ್ಲಿರುವ ಬೋರ್ಡಿನ ಅಕ್ಷರಗಳು ಕಲಸಿದಂತಾಗುವುದು ಅಲ್ಲಿ ಕಾಣುತ್ತದೆ. ಇಕ್ಕಟ್ಟಾದ ಮನೆಯೊಳಗೆ ಇಡೀ ಕುಟುಂಬದ ಗುಂಪು ಚಿತ್ರ ತೆಗೆಯುವವರಿಗೆ ಇದು ಮುಖ್ಯ. ಅಲ್ಟ್ರಾವೈಡ್ ಬಳಸುವುದೇ ಇಲ್ಲ ಎಂದರೆ ಆ ಸಾಲನ್ನೂ ಹೊಡೆದುಹಾಕಿ. ಮುಖ್ಯ ಕ್ಯಾಮೆರಾದಲ್ಲಿ ಹಗಲಿನ ಚಿತ್ರಗಳಿಗೆ ಎರಡರ ನಡುವೆ ಜಗಳವಿಲ್ಲ, ರಾತ್ರಿ ಓಡಾಡುವ ಮಕ್ಕಳ ಚಿತ್ರ ತೆಗೆಯುವಾಗ ದೊಡ್ಡ ಸೆನ್ಸರ್ ಕೈಹಿಡಿಯುತ್ತದೆ.

ಬಾಗಿಲಾಚೆ ಬಿಸಿಲಿಗೆ ಒಯ್ಯಲು ಬಿಟ್ಟರೆ ಒಯ್ಯಿರಿ, ಬ್ರೈಟ್‌ನೆಸ್ ಆಟೊ ಇರಲಿ. ಕೈಯಾರೆ ಪೂರ್ತಿ ಏರಿಸಿದರೂ ಆಟೊ ಮೋಡಿನಷ್ಟು ಬೆಳಕು ಬರುವುದಿಲ್ಲ.

ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನೋಡಿ. ಅಕ್ಷರದ ಗಾತ್ರ ಎರಡು ಹಂತ ಹೆಚ್ಚಿಸಿ. ಅಪ್ಪ, ಅಮ್ಮನಿಗೆ ಕೊಳ್ಳುತ್ತಿದ್ದರೆ ಈ ಪರೀಕ್ಷೆ ಬಿಡಬೇಡಿ. ಕನ್ನಡದ ಪದಗಳು ಉದ್ದ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. ಗಾತ್ರ ಹೆಚ್ಚಿದಾಗ ಬಟನ್ನಿನೊಳಗೆ ಪದ ಅರ್ಧಕ್ಕೆ ಕತ್ತರಿಸಿಹೋಗುತ್ತದೆಯೇ ನೋಡಿ. ಬೇರೆ ಬೇರೆ ಕಂಪನಿಗಳ ಎರಡು ಫೋನ್ ಹೋಲಿಸುವಾಗ ಇಲ್ಲೇ ದೊಡ್ಡ ಅಂತರ ಸಿಗುತ್ತದೆ. ಕೀಬೋರ್ಡಿನಲ್ಲಿ ‘ಲಕ್ಷ್ಮೀ’, ‘ಅರ್ಘ್ಯ’, ‘ರಾಷ್ಟ್ರೀಯ’ ಎಂದು ಟೈಪ್ ಮಾಡಿ, ಹಾಗೆಯೇ ಕನ್ನಡದಲ್ಲಿ ಮಾತಾಡಿ ಟೈಪ್ ಆಗುತ್ತದೆಯೇ ನೋಡಿ.

ಡೆಮೊ ಫೋನಿನ ಬ್ಯಾಟರಿ ನೋಡಿ ಏನೂ ತೀರ್ಮಾನಿಸಬೇಡಿ. ಅದು ದಿನವಿಡೀ ಚಾರ್ಜರಿನಲ್ಲೇ ಇರುತ್ತದೆ.

ನಿಮ್ಮ ಊರಿನ ಸಿಗ್ನಲ್

ಜಿಯೋ 5ಜಿ ನಡೆಯುವುದು ಮುಖ್ಯವಾಗಿ ಎನ್78 ಮತ್ತು ಎನ್28 ಬ್ಯಾಂಡ್‌ಗಳಲ್ಲಿ. ಎನ್78 ಅಂದರೆ 3300 ಮೆಗಾಹರ್ಟ್ಸ್: ವೇಗ ಹೆಚ್ಚು, ದೂರ ಕಡಿಮೆ. ಎನ್28 ಅಂದರೆ 700 ಮೆಗಾಹರ್ಟ್ಸ್: ವೇಗ ಕಡಿಮೆ, ಆದರೆ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ತೀರ್ಥಹಳ್ಳಿ, ಸಿದ್ದಾಪುರದ ಕಡೆ ತೋಟದ ಮನೆಯಲ್ಲಿರುವವರಿಗೆ ಬೇಕಾದದ್ದು ಎರಡನೆಯದು. ಬಿಎಸ್‌ಎನ್‌ಎಲ್ 4ಜಿ ಸಹ 700 ಮತ್ತು 2100 ಮೆಗಾಹರ್ಟ್ಸ್ ಬಳಸುತ್ತದೆ, ಅಂದರೆ 4ಜಿಯ ಬ್ಯಾಂಡ್ 28 ಮತ್ತು ಬ್ಯಾಂಡ್ 1. ಎರಡೂ ಫೋನ್‌ಗಳ ಬ್ಯಾಂಡ್ ಪಟ್ಟಿಯಲ್ಲಿ 28 ಇದೆಯೇ ಎಂದು ಕಂಪನಿಯ ಭಾರತದ ಪುಟದಲ್ಲೇ ನೋಡಿ. ವಿದೇಶದಿಂದ ಯಾರಾದರೂ ತಂದುಕೊಡುವ ಫೋನಿನಲ್ಲಿ ಈ ಪಟ್ಟಿ ಬೇರೆ ಇರಬಹುದು, ವಾರಂಟಿಯೂ ಇಲ್ಲಿ ನಡೆಯದೆ ಹೋಗಬಹುದು.

ಪೂರ್ತಿ ಖರ್ಚು ಕೂಡಿಸಿ

ಚಾರ್ಜರ್ ಇಲ್ಲದ್ದರಿಂದ ಅದರ ಹಣ ಸೇರಿಸಿ. 45 ವ್ಯಾಟ್ ಬೇಕಾದರೆ ಪಿಪಿಎಸ್ ಬೆಂಬಲಿಸುವ 45 ವ್ಯಾಟ್ ಪಿಡಿ ಚಾರ್ಜರ್ (ಪಿಡಿ, ಪಿಪಿಎಸ್ ಎರಡೂ ವೇಗದ ಚಾರ್ಜಿಂಗಿನ ಮಾನದಂಡಗಳು) ಮತ್ತು 5 ಆಂಪಿಯರ್ ಕೇಬಲ್ ಎರಡೂ ಬೇಕು. ಮನೆಯಲ್ಲಿರುವ ಬೇರೆ ಕಂಪನಿಯ 67 ವ್ಯಾಟ್, 80 ವ್ಯಾಟ್ ಚಾರ್ಜರ್ ಚುಚ್ಚಿದರೆ ಫೋನ್ ಚಾರ್ಜ್ ಆಗುತ್ತದೆ, ಆದರೆ ನಿಧಾನವಾಗಿ. ಆ ಚಾರ್ಜರ್‌ಗಳಲ್ಲಿ ಬಹಳಷ್ಟು ತಮ್ಮದೇ ಕಂಪನಿಯ ಫೋನಿನ ಜತೆ ಮಾತ್ರ ಆ ವೇಗಕ್ಕೆ ಹೋಗುತ್ತವೆ.

‘ನೋ ಕಾಸ್ಟ್ ಇಎಂಐ’ ಪೂರ್ತಿ ಉಚಿತವಲ್ಲ. ಬಡ್ಡಿಯಷ್ಟು ರಿಯಾಯಿತಿ ಕೊಟ್ಟಿರುತ್ತಾರೆ ನಿಜ, ಆದರೆ ಬ್ಯಾಂಕು ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಹಾಕುತ್ತದೆ, ಜತೆಗೆ ಪ್ರೊಸೆಸಿಂಗ್ ಶುಲ್ಕ. 36,000 ರೂಪಾಯಿಯ ಫೋನಿಗೆ ಶೇ. 16 ದರದಲ್ಲಿ ಆರು ತಿಂಗಳ ಇಎಂಐ ಎಂದರೆ ಬಡ್ಡಿ ಸುಮಾರು 1,600, ಅದರ ಮೇಲಿನ ತೆರಿಗೆ ಮುನ್ನೂರರ ಹತ್ತಿರ. ಕಾರ್ಡಿನ ರಿಯಾಯಿತಿ ಇಎಂಐಗೆ ಅನ್ವಯಿಸುತ್ತದೆಯೇ ಎಂದು ಪಾವತಿಸುವ ಮೊದಲೇ ಓದಿ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಎರಡೂ ಮಾದರಿಗಳ ಪರದೆ ಬದಲಿಸುವ ದರ ಕೇಳಿ. ಅಮೊಲೆಡ್ ಪರದೆ ಒಡೆದರೆ ಗಾಜು, ಪ್ಯಾನೆಲ್ ಒಟ್ಟಿಗೇ ಬದಲಿಸುತ್ತಾರೆ. ಒಂಬತ್ತು ಸಾವಿರ ಉಳಿಸಿ ಕವರ್ ಹಾಕದವರಿಗೆ ಈ ದರ ಗೊತ್ತಿದ್ದರೆ ಒಳ್ಳೆಯದು. ಐಪಿ67 ಎಂದರೆ ಒಂದು ಮೀಟರ್ ಸಿಹಿನೀರಿನಲ್ಲಿ ಅರ್ಧ ಗಂಟೆ, ಅದೂ ಫೋನ್ ಹೊಸದಿದ್ದಾಗ. ಮಲ್ಪೆಯ ಉಪ್ಪುನೀರಿಗೆ ಆ ಮಾತು ಅನ್ವಯಿಸುವುದಿಲ್ಲ. ನೀರು ಒಳಹೊಕ್ಕರೆ ವಾರಂಟಿಯೂ ಇಲ್ಲ.

ಎಕ್ಸ್‌ಚೇಂಜ್ ಮಾಡುವವರಿಗೆ

ಆನ್‌ಲೈನ್ ಎಕ್ಸ್‌ಚೇಂಜ್‌ನಲ್ಲಿ ಹೊಸ ಫೋನ್ ತಂದವರು ಬಾಗಿಲಲ್ಲಿ ನಿಂತೇ ಹಳೆಯದನ್ನು ತೆಗೆದುಕೊಂಡು ಹೋಗುತ್ತಾರೆ. ಹೊಸದಕ್ಕೆ ಎಲ್ಲವನ್ನೂ ದಾಟಿಸಲು ಸಮಯ ಸಿಗುವುದಿಲ್ಲ. ಇದೇ ಜಾಗದಲ್ಲಿ ಚಿತ್ರಗಳು, ಚಾಟ್‌ಗಳು ಹೋಗಿಬಿಡುತ್ತವೆ. ಇವುಗಳಲ್ಲಿ ಮೊದಲ ನಾಲ್ಕನ್ನು ಹಿಂದಿನ ರಾತ್ರಿಯೇ ಮುಗಿಸಿ:

1. ಚಿತ್ರ, ವಿಡಿಯೋಗಳನ್ನು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ನಕಲು ಮಾಡಿ. ಎರಡು ಕಡೆ ತೆರೆದು ನೋಡಿ ಖಚಿತಪಡಿಸಿಕೊಳ್ಳಿ.
2. ವಾಟ್ಸಾಪ್ ಬ್ಯಾಕಪ್ ತೆಗೆಯಿರಿ. ಅದು ಗೂಗಲ್‌ನ 15 ಜಿಬಿ ಉಚಿತ ಜಾಗದಲ್ಲೇ ಕೂರಬೇಕು, ಜಾಗ ತುಂಬಿದ್ದರೆ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತದೆ. ಕೊನೆಯ ಬ್ಯಾಕಪ್‌ನ ತಾರೀಖು ಓದಿ.
3. ಗೂಗಲ್ ಅಥೆಂಟಿಕೇಟರ್ ಬಳಸುತ್ತಿದ್ದರೆ ಅದರ ಕ್ಯೂಆರ್ ಕೋಡನ್ನು ಮನೆಯ ಇನ್ನೊಬ್ಬರ ಫೋನಿಗೆ ಎಕ್ಸ್‌ಪೋರ್ಟ್ ಮಾಡಿ.
4. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ.
5. ಪರದೆಯ ಲಾಕ್ ತೆಗೆದು, ಗೂಗಲ್ ಖಾತೆಯನ್ನು ಸೆಟ್ಟಿಂಗ್ಸ್‌ನಿಂದ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಕ್ರಮ ತಪ್ಪಿದರೆ ರೀಸೆಟ್ ಆದಮೇಲೂ ಫೋನ್ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಬಂದವರು ಎಕ್ಸ್‌ಚೇಂಜ್ ನಿರಾಕರಿಸುತ್ತಾರೆ. ಐದನೆಯದನ್ನು ಅವರು ಬಂದು ಫೋನ್ ಪರೀಕ್ಷಿಸಿದ ಮೇಲೆಯೇ ಮಾಡಿ, ಪರೀಕ್ಷೆಗೆ ಫೋನ್ ನಡೆಯುತ್ತಿರಬೇಕು.

ಎಕ್ಸ್‌ಚೇಂಜ್‌ಗೆ ಸಿಗುವುದು ಎರಡು ಸಾವಿರವೇ ಆದರೆ ಹಳೆಯ ಫೋನ್ ಮನೆಯಲ್ಲೇ ಇರಲಿ. ಅದರ ಬೆಲೆ ಮುಂದಿನ ಭಾಗದಲ್ಲಿ ಗೊತ್ತಾಗುತ್ತದೆ.

ಪೆಟ್ಟಿಗೆ ತೆರೆದ ದಿನ

ತೆರೆಯುವುದನ್ನು ಪೂರ್ತಿ ವಿಡಿಯೋ ಮಾಡಿ. ಡಯಲರ್‌ನಲ್ಲಿ *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆ ಪೆಟ್ಟಿಗೆಯ ಮೇಲಿನದ್ದಕ್ಕೆ, ಬಿಲ್ಲಿನಲ್ಲಿರುವುದಕ್ಕೆ ಹೊಂದಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಆ ಸಂಖ್ಯೆ ಹಾಕಿ ಫೋನ್ ಅಸಲಿಯೇ ನೋಡಬಹುದು. ಇಲ್ಲವೇ ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಒಂದು ಜಾಗ ಬಿಟ್ಟು ಐಎಂಇಐ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ.

ಸ್ಯಾಮ್‌ಸಂಗ್ ಫೋನಿನಲ್ಲಿ *#0*# ಒತ್ತಿದರೆ ಪರೀಕ್ಷೆಯ ಪುಟ ತೆರೆಯುತ್ತದೆ. ಕೆಂಪು, ಹಸಿರು, ನೀಲಿ ಪರದೆಗಳನ್ನು ಕತ್ತಲ ಕೋಣೆಯಲ್ಲಿ ನೋಡಿ, ಸತ್ತ ಚುಕ್ಕೆ ಇದ್ದರೆ ಆಗ ಕಾಣುತ್ತದೆ. ಟಚ್ ಪರೀಕ್ಷೆಯಲ್ಲಿ ಬೆರಳಿನಿಂದ ಎಲ್ಲ ಚೌಕಗಳನ್ನೂ ಬಳಿಯಿರಿ, ಅಂಚಿನಲ್ಲಿ ಒಂದು ಚೌಕ ಬಿಟ್ಟುಹೋದರೂ ಬದಲಿಸಲು ಕೇಳಿ. ಸ್ಪೀಕರ್, ವೈಬ್ರೇಷನ್ ಇಲ್ಲೇ ಸಿಗುತ್ತವೆ. ಬದಲಿಸಿ ಕೊಡುವ ಅವಧಿ ಸಾಮಾನ್ಯವಾಗಿ ಒಂದು ವಾರ, ಅಷ್ಟರೊಳಗೆ ಎಲ್ಲ ಮುಗಿಸಿ.

ಯುಪಿಐ ಆ್ಯಪ್‌ಗಳನ್ನು ಸ್ಮಾರ್ಟ್ ಸ್ವಿಚ್ (ಹಳೆಯ ಫೋನಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವ ಸ್ಯಾಮ್‌ಸಂಗ್ ಆ್ಯಪ್) ದಾಟಿಸುತ್ತದೆ, ಆದರೆ ನೋಂದಣಿಯನ್ನು ದಾಟಿಸುವುದಿಲ್ಲ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಹೊಸ ಫೋನಿನಲ್ಲಿರಬೇಕು, ಅದರಲ್ಲಿ ಎಸ್‌ಎಂಎಸ್ ಹೋಗುವಷ್ಟು ಬ್ಯಾಲೆನ್ಸ್ ಇರಬೇಕು. ಹೊಸ ಫೋನಿನಲ್ಲಿ ನೋಂದಾಯಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿವರೆಗೆ ಮಾತ್ರ ಕಳಿಸಬಹುದು. ಬಾಡಿಗೆ, ಶಾಲೆಯ ಶುಲ್ಕ ಕಟ್ಟುವ ದಿನ ಫೋನ್ ಬದಲಿಸಬೇಡಿ.

ಹಳೆಯ ಫೋನನ್ನು ಇಟ್ಟುಕೊಂಡಿದ್ದರೆ ಎರಡು ವಾರ ಹಾಗೆಯೇ ಇರಲಿ, ರೀಸೆಟ್ ಮಾಡಬೇಡಿ. ಯಾವುದೋ ಆ್ಯಪ್‌ನ ಪಾಸ್‌ವರ್ಡ್, ದಾಟದೆ ಉಳಿದ ವಾಯ್ಸ್ ರೆಕಾರ್ಡಿಂಗ್, ಅಜ್ಜಿಯ ದನಿಯಿರುವ ವಾಟ್ಸಾಪ್ ಆಡಿಯೋ ನೆನಪಾಗುವುದು ಆ ದಿನಗಳಲ್ಲೇ. ಅರ್ಧ ಚಾರ್ಜ್ ಮಾಡಿ ಸ್ವಿಚ್ ಆಫ್ ಮಾಡಿಡಿ. ಪೂರ್ತಿ ಖಾಲಿಯಾಗಿಟ್ಟ ಬ್ಯಾಟರಿ ಆಮೇಲೆ ಚಾರ್ಜ್ ತೆಗೆದುಕೊಳ್ಳದೆ ಹೋಗಬಹುದು.